ಕೆರೆಗೆ ಬಿಟ್ಟರೆ ಪುಣ್ಯವಂತೆ!

ಹೋದ ಸಲ ಊರಿಗೆ ಹೋದಾಗ ಶಹಾಪುರದಲ್ಲಿರೋ ಚಿಕ್ಕಪ್ಪನ ಮನೆಗೂ ಹೋಗಿದ್ದೆ. ಪಡಸಾಲೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ. ಅದರೊಳಗೆ ಒಂದೇ ಒಂದು ಮೀನು... ಮೊಸಳೆ ಮೂತಿ, ಸೂಜಿಯಂಥ ಹಲ್ಲು. ಅಲಿಗೇಟರ್ ಗಾರ್! ತಂದಾಗ ಗೇಣುದ್ದ ಇತ್ತಂತೆ. ಈಗ ಹೊರಳೋಕೂ ಜಾಗ ಇಲ್ಲದೆ ಗಾಜಿಗೆ ಉಜ್ಜಿ ಉಜ್ಜಿ ಮೂತಿಯೆಲ್ಲ ಗಾಯ.

"ಇನ್ನೂ ಬೆಳೆದ್ರ ಏನ್ ಮಾಡ್ತಿಯೋ?" ಅಂದೆ.

"ಕೆರಿಗಿ ಬಿಟ್ಟು ಬರ್ತೀನಣ್ಣ. ಕೊಲ್ಲೂದಕ್ಕಿಂತ ಪುಣ್ಯ ಬರ್ತದ" ಅಂದ ತಮ್ಮ.

ನನಗೆ ಸಿಟ್ಟು ಬಂದದ್ದು ಮೀನಿನ ಮೇಲಲ್ಲ, ಈ ಪುಣ್ಯದ ಮೇಲೆ.

ಇದರ ತವರು ಅಮೆರಿಕದ ಮಿಸ್ಸಿಸ್ಸಿಪ್ಪಿ ಕಡೆಯ ನದಿಗಳು. 2011ರಲ್ಲಿ ಅಲ್ಲಿ ಬಲೆಗೆ ಬಿದ್ದ ಒಂದು ಗಾರ್ ಎಂಟಡಿಗೂ ಹೆಚ್ಚು ಉದ್ದ, ತೂಕ ಸುಮಾರು 148 ಕೆಜಿ! ಐವತ್ತು ವರ್ಷ ದಾಟಿಯೂ ಬದುಕಬಲ್ಲದು. ಅಂದರೆ ನಾಲ್ಕಡಿ ತೊಟ್ಟಿ ಅದರ ಬಾಲ್ಯಕ್ಕೇ ಸಾಲದು. ಮಾರೋ ಅಂಗಡಿಯವನು ಇದನ್ನೆಲ್ಲ ಯಾಕೆ ಹೇಳ್ತಾನೆ? ಸಣ್ಣ ಮೀನು ನುಂಗೋದನ್ನ ತೋರಿಸಿ ಮಾರಿಬಿಡ್ತಾನೆ. ನಾವೂ ಮೊಬೈಲಿನಲ್ಲಿ ವಿಡಿಯೋ ಮಾಡ್ಕೊಂಡು ಖುಷಿ ಪಡ್ತೀವಿ.

"ಒಂದ ಮೀನು ಏನ್ ಮಾಡ್ತದ?" ಅನ್ನೋದು ಅವನ ವಾದ. ಒಂದೇ ಇದ್ದರೆ ಮರಿ ಹಾಕಲ್ಲ, ಒಪ್ಪಿದೆ. ಆದರೆ ನೀರಲ್ಲಿ ಆಮ್ಲಜನಕ ಕಡಿಮೆಯಾದರೂ ಮೇಲೆ ಬಂದು ಗಾಳಿ ಕುಡಿದು ಬದುಕೋ ಜೀವ ಅದು, ಅಷ್ಟು ವರ್ಷ ಉಪವಾಸ ಇರುತ್ತಾ? ಮೇಲಾಗಿ "ನಂದೊಂದೇ" ಅನ್ನೋರು ಊರಿಗೆ ಎಷ್ಟು ಜನ! 2023ರಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲಿ, ಶ್ರೀನಗರದ ದಾಲ್ ಸರೋವರದಲ್ಲಿ ಇದೇ ಮೀನು ಸಿಕ್ಕಿತು. ಮಿಸ್ಸಿಸ್ಸಿಪ್ಪಿಯಿಂದ ಈಜಿ ಬಂದದ್ದಲ್ಲವಲ್ಲ :) 2018ರ ಕೇರಳದ ಪ್ರವಾಹದಲ್ಲಿ ಸಾಕಿದ ಅರಪೈಮಾ ಮೀನುಗಳು ತಪ್ಪಿಸಿಕೊಂಡು ಚಾಲಕುಡಿ ಹೊಳೆ ಸೇರಿದ್ದವು. ತೊಟ್ಟಿ ಸ್ವಚ್ಛ ಮಾಡುತ್ತೆ ಅಂತ ತರ್ತೀವಲ್ಲ ಸಕ್ಕರ್ ಮೀನು, ಅದು ಆಂಧ್ರ-ತೆಲಂಗಾಣದ ಕೆರೆಗಳಲ್ಲಿ ಸಂಸಾರ ಹೂಡಿ ಮೀನುಗಾರರ ಬಲೆ ಹರೀತಿದೆ.

ಇನ್ನು ನಮ್ಮ ಸೀಮೆಯ ನೀರಿನ ಕತೆ ನೋಡಿ. ನಾರಾಯಣಪುರದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಗದ್ದೆಗಳಿಗೆ ನೀರು ತರುತ್ತೆ. ಗದ್ದೆಯ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ಈ ಕಡೆ ಕೃಷ್ಣೆ, ಆ ಕಡೆ ಭೀಮೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹೊಲಕ್ಕೆ ನುಗ್ಗಿದ್ದು ಮರೆತಿಲ್ಲ ತಾನೆ? ಅಂಥ ಹೊತ್ತಲ್ಲಿ ಕೆರೆಯ ಮೀನು ಕೆರೆಯಲ್ಲೇ ಇರುತ್ತಾ? ದುಡ್ಡು ಕಟ್ಟಿ ಕೆರೆ ಗುತ್ತಿಗೆ ಹಿಡಿದು, ಕಟ್ಲಾ, ರೋಹು ಮರಿ ಬಿಟ್ಟು ವರ್ಷವಿಡೀ ಕಾಯೋರ ಪಾಲಿಗೆ ನಿಮ್ಮ ಪುಣ್ಯ ಏನಾಗುತ್ತೆ? ಆಫೀಸಿನಲ್ಲಿ ನಾನು ತಪ್ಪು ಕೋಡ್ ಹಾಕಿದರೆ ರಾತ್ರಿ ಕೂತು ರೋಲ್‌ಬ್ಯಾಕ್ ಮಾಡ್ತೀನಿ. ಬೋನಾಳದ ಕೆರೆಗೆ ರೋಲ್‌ಬ್ಯಾಕ್ ಎಲ್ಲಿದೆ ಸ್ವಾಮಿ?

ಬೇಟೆ ಮೀನೇ ಬೇಕೆಂದರೆ ನಮ್ಮದೇ ಮರಲ್ ಇಲ್ಲವೇ? ಹಾವಿನಂಥ ತಲೆ, ಮರಿಗಳ ಹಿಂಡನ್ನ ಕಾಯೋ ಅಪ್ಪ-ಅಮ್ಮ. ಅದು ಹಳ್ಳದಲ್ಲೇ ಚಂದ, ಹೋಗಿ ನೋಡಿ. "ಅದು ತಿನ್ನೂ ಮೀನಲ್ಲೇನಣ್ಣ" ಅಂತ ನಕ್ಕ. ಫಾರಿನ್ನಿದ್ದರೇ ಶೋಕಿ!

ಸದ್ಯಕ್ಕೆ ಕೆರೆಗೆ ಬಿಡಲ್ಲ ಅಂತ ಮಾತು ಕೊಟ್ಟಿದ್ದಾನೆ. ಅಂಗಡಿಗೆ ಫೋನ್ ಮಾಡಿದರೆ "ಮಾರಿದ್ದು ವಾಪಸ್ ತಗೊಳಂಗಿಲ್ರೀ" ಅಂದರು. ದೊಡ್ಡ ಸಿಮೆಂಟ್ ತೊಟ್ಟಿ ಇದ್ದು, ಕೊನೇತನಕ ಸಾಕೋರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಸಾಗಿಸೋ ಖರ್ಚು ನನ್ನದು.