ಮುಂದಿನ ಆದೇಶವನ್ನು ಕುರಿತು: ಮುಖ್ಯ ಕಾರ್ಯದರ್ಶಿಗಳಿಗೊಂದು ಬಹಿರಂಗ ಪತ್ರ

ಜಟಿಂಗ ರಾಮೇಶ್ವರ,
ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಗಳವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಈಗ ಅಲಂಕರಿಸಿರುವ ಪೀಠದಿಂದ, ರಾಜ್ಯ ವಿಪತ್ತು ನಿರ್ವಹಣೆಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಿಗೆ ಶಾಸನವು ಕೊಟ್ಟಿರುವ ಅಧಿಕಾರದ ಬಲದಿಂದ, ಕೋವಿಡ್ ಪಿಡುಗಿನ ಕಾಲದಲ್ಲಿ, 2020ರ ಮಾರ್ಚ್ ತಿಂಗಳಿಂದ 2022ರ ಆರಂಭದವರೆಗೆ, ಜನರು ಯಾವ ಹೊತ್ತಿನಲ್ಲಿ ಮನೆಯಿಂದ ಹೊರಡಬಹುದು, ಯಾವ ಅಂಗಡಿಯ ಬಾಗಿಲು ಎಷ್ಟು ಗಂಟೆಗೆ ಮುಚ್ಚಬೇಕು, ಮದುವೆಯ ಚಪ್ಪರದಡಿ ಎಷ್ಟು ಮಂದಿ ಕೂಡಬಹುದು, ಹೆಣದ ಹಿಂದೆ ಎಷ್ಟು ಮಂದಿ ನಡೆಯಬಹುದು ಎಂಬುದನ್ನೆಲ್ಲ ಗೊತ್ತುಪಡಿಸುವ ಆದೇಶಗಳು ಒಂದರ ಬೆನ್ನಿಗೊಂದು ಹೊರಟುವು. ಆ ಕಾಲ ಕಳೆದಿದೆ. ಆ ಕಾಲದ ವಾದ ಕಳೆದಿಲ್ಲ. ಲಾಕ್‌ಡೌನ್ ಇಲ್ಲದೆ ಹೋಗಿದ್ದರೆ ಸುಡುವುದಕ್ಕೆ ಸೌದೆ ಸಾಲುತ್ತಿರಲಿಲ್ಲವೆಂದು ಒಬ್ಬರು, ರೋಗಕ್ಕಿಂತ ಕಟ್ಟಳೆಯೇ ಹೆಚ್ಚು ಮನೆಗಳನ್ನು ಮುರಿಯಿತೆಂದು ಮತ್ತೊಬ್ಬರು, ಚಹದಂಗಡಿಯ ಬೆಂಚಿನ ಮೇಲೆ ಇಂದಿಗೂ ಕೈಕೈ ಮಿಲಾಯಿಸುವಷ್ಟು ಬಿಸಿಯಾಗುತ್ತಾರೆ. ನಿರ್ಬಂಧವೇ ಬೇಡವಾಗಿತ್ತೆಂದು ಹೇಳುವಷ್ಟು ಧೈರ್ಯ ನನಗಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳನ್ನು ಕಂಡ ಯಾರಿಗೂ ಅದು ಇರಲಾರದು. ನನ್ನ ಬಿನ್ನಹ ಬೇರೆ: ಜನರ ದಿನಚರಿಯನ್ನು ಬಿಗಿಯುವ ಆದೇಶವು ಯಾವ ಗುಣಗಳಿಂದ ಕೂಡಿರಬೇಕೆಂಬುದನ್ನು ರೋಗವಿಲ್ಲದ ಈ ದಿನಗಳಲ್ಲೇ ಯೋಚಿಸಿ ಇಟ್ಟುಕೊಳ್ಳಬೇಕು.

ಈ ಬಿನ್ನಹವನ್ನು ಜಟಿಂಗ ರಾಮೇಶ್ವರದಿಂದ ಮಾಡುವುದಕ್ಕೆ ಕಾರಣವುಂಟು. ರಾವಣನಿಗೆ ಅಡ್ಡಬಂದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದ ಸ್ಥಳವೆಂದು ಜನರು ನಂಬಿರುವ ಈ ಬೆಟ್ಟದಲ್ಲಿ, ದೇವಾಲಯಕ್ಕೆ ಏರುವ ಮೆಟ್ಟಲುಗಳಿಗೆ ಎದುರಾಗಿ, 2,200 ವರ್ಷಗಳಿಗೂ ಹಿಂದಿನ ಸರ್ಕಾರಿ ಆದೇಶವೊಂದು ಬಂಡೆಯ ಮೇಲಿದೆ. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಬಳೆಗಾರರ ಗುಂಡೆಂದು ಹೆಸರಾದ ಆ ಬಂಡೆಯ ಅಕ್ಷರಗಳು, ತಲೆತಲಾಂತರದ ಯಾತ್ರಿಕರ ಕಾಲು ಸೋಕಿ, ಬಿಸಿಲು ಮಳೆಗಳಿಗೆ ಮೈಯೊಡ್ಡಿ, ಬಹುಮಟ್ಟಿಗೆ ಸವೆದುಹೋಗಿವೆಯಾದರೂ, 1892ರಲ್ಲಿ ಬಿ.ಎಲ್. ರೈಸ್ ಅವರು ಇದರೊಡನೆಯೇ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರಗಳ ಪ್ರತಿಗಳಿಂದ ಅದರ ಪಾಠ ನಮಗೆ ತಿಳಿದಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿಕೊಟ್ಟ ಅಶೋಕನ ಧರ್ಮಲಿಪಿ ಅದು. ಆಜ್ಞೆಗೆ ತೊಡಗುವ ಮುನ್ನ ಅದು ಎದುರಿನವರ ಆರೋಗ್ಯವನ್ನು ವಿಚಾರಿಸುತ್ತದೆ. ಬಳಿಕ ಅರಸನು, ತಾನು ಉಪಾಸಕನಾದ ಮೊದಲಲ್ಲಿ ಒಂದು ವರ್ಷ ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಸತ್ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲವೆಂದೂ, ಪ್ರಯತ್ನಪಟ್ಟರೆ ಅಲ್ಪರಿಗೂ ಲಭ್ಯವೆಂದೂ, ಆದುದರಿಂದ ಅಲ್ಪರೂ ಮಹಾತ್ಮರೂ ಕೂಡಿಯೇ ಪ್ರಯತ್ನಿಸಬೇಕೆಂದೂ ಅದರ ಆಶಯ. ಕಡೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಕ್ಷೇಮವಿಚಾರ, ಕಾರಣ, ತನ್ನ ಕೊರತೆಯ ಅಂಗೀಕಾರ, ಹಿರಿಕಿರಿಯರಿಗೆ ಒಂದೇ ಅಳತೆ, ಬರೆದವನ ಹೆಸರು—ಇವಿಷ್ಟೂ ಕೆಲವೇ ಸಾಲುಗಳಲ್ಲಿ ಅಡಕವಾಗಿವೆ. ಅಂದಿನ ರಾಜ್ಯಭಾರವೇ ಇಂದಿನದಕ್ಕಿಂತ ಮಿಗಿಲೆಂಬ ಭ್ರಮೆ ನನಗಿಲ್ಲ. ಆದೇಶ ಬರೆಯುವವರಿಗೆ ಇದೊಂದು ಒರೆಗಲ್ಲಾಗಬಹುದೆಂದು ಮಾತ್ರ ನನ್ನ ನಂಬಿಕೆ.

ಈ ಒರೆಗಲ್ಲಿಗೆ ನಮ್ಮ ಆದೇಶಗಳನ್ನು ತಿಕ್ಕಿ ನೋಡೋಣ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಹೊರಟ ಘೋಷಣೆ ಅಂದಿನ ನಡುರಾತ್ರಿಯೇ ಜಾರಿಗೆ ಬಂದು ಇಡೀ ದೇಶವನ್ನು 21 ದಿನಗಳ ಕಾಲ ಇದ್ದಲ್ಲಿಯೇ ನಿಲ್ಲಿಸಿತು. ಅದು ದೆಹಲಿಯ ಮಾತಾಯಿತೆನ್ನಬಹುದು. ನಮ್ಮದನ್ನೇ ನೋಡುವುದಾದರೆ, ಆ ವರ್ಷದ ಮೇ ಮೊದಲ ವಾರದಲ್ಲಿ, ಊರಿಗೆ ಹೊರಟು ನಿಂತಿದ್ದ ಪರರಾಜ್ಯದ ಕೂಲಿಕಾರರ ರೈಲುಗಳನ್ನು, ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ತರುವಾಯ ರದ್ದುಮಾಡಿ, ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಡಲಾಯಿತು. ಡಿಸೆಂಬರ್ 23ರಂದು ಸಾರಿದ ರಾತ್ರಿ ಕರ್ಫ್ಯೂವಿನ ಗಂಟೆಯನ್ನು ಹತ್ತರಿಂದ ಹನ್ನೊಂದಕ್ಕೆ ಸರಿಸಿ, ಮರುದಿನ ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಳ್ಳಲಾಯಿತು. ತಪ್ಪನ್ನು ತಿದ್ದಿಕೊಳ್ಳುವುದು ತಪ್ಪಲ್ಲ. ಆದರೆ ವಿಧಿಸಿದಾಗಲೂ ಕಾರಣ ಹೇಳದೆ, ತೆಗೆದಾಗಲೂ ಕಾರಣ ಹೇಳದೆ ಇದ್ದರೆ, ಕೇಳಿದವನಿಗೆ ಇದು ವೈದ್ಯರ ಮಾತೋ, ವ್ಯಾಪಾರಿಗಳ ಮಾತೋ, ಪಕ್ಷದ ಮಾತೋ ಎಂಬ ಸಂಶಯ ಬಾರದಿರುವುದು ಹೇಗೆ? ಒಮ್ಮೆ ಆ ಸಂಶಯ ಹೊಕ್ಕರೆ, ನಿಜವಾಗಿಯೂ ಅಗತ್ಯವಾದ ಆಜ್ಞೆಯನ್ನೂ ಜನರು ಪೊಲೀಸರ ಕಣ್ಣಿರುವಷ್ಟು ಹೊತ್ತು ಮಾತ್ರ ಪಾಲಿಸುತ್ತಾರೆ.

ನಗರದ ನಕ್ಷೆಯನ್ನು ಮುಂದಿಟ್ಟುಕೊಂಡು ಬರೆದ ನಿಯಮ ಹಟ್ಟಿಗೆ ಬಂದಾಗ ಏನಾಗುತ್ತದೆಂಬುದು ಎರಡನೆಯ ಮಾತು. 2021ರ ಏಪ್ರಿಲ್ 27ರ ರಾತ್ರಿಯಿಂದ, ಅಗತ್ಯ ವಸ್ತುಗಳ ಖರೀದಿಗೆ ಬೆಳಗ್ಗೆ ಆರರಿಂದ ಹತ್ತರವರೆಗೆ ಅವಕಾಶವಿತ್ತು, ಬಸ್ಸುಗಳು ನಿಂತಿದ್ದುವು. ಮೇ 10ರಿಂದ ಬಿಗಿಯಾದ ನಿಯಮದಲ್ಲಿ ದಿನಸಿಗೂ ನಡೆದೇ ಹೋಗಬೇಕು, ವಾಹನ ಕೂಡದು ಎಂದಿತ್ತು. ಅಂಗಡಿ ಬೀದಿಯ ಮೂಲೆಯಲ್ಲೇ ಇರುವ ಬೆಂಗಳೂರಿನ ಬಡಾವಣೆಗೆ ಅದು ಸರಿಯಿದ್ದರೂ ಇರಬಹುದು. ಆದರೆ ಚಳ್ಳಕೆರೆ, ಮೊಳಕಾಲ್ಮೂರುಗಳ ಬಯಲಿನಲ್ಲಿ, ಜಾಲಿಯ ನಡುವಿನ ಬಂಡಿಜಾಡಿನ ಕೊನೆಗಿರುವ ಗೊಲ್ಲರ ಹಟ್ಟಿಯಿಂದಲೋ ಮ್ಯಾಸ ನಾಯಕರ ಹಟ್ಟಿಯಿಂದಲೋ ಒಬ್ಬಾಕೆ ಹೊರಟು, ಹಸುಗೂಸಿಗೆ ಔಷಧಿಯನ್ನೂ ಮನೆಗೆ ಬೇಳೆಯನ್ನೂ ಕೊಂಡು, ವೃದ್ಧಾಪ್ಯ ವೇತನದ ಹಣಕ್ಕಾಗಿ ಬ್ಯಾಂಕಿನ ಮುಂದೆ ನಿಂತಿರುವ ಅತ್ತೆಯನ್ನು ಕರೆದುಕೊಂಡು, ಹತ್ತು ಗಂಟೆಯೊಳಗೆ ಕಾಲ್ನಡಿಗೆಯಲ್ಲಿ ಹಿಂದಿರುಗಬೇಕೆಂದರೆ, ಆ ನಿಯಮವನ್ನು ಮುರಿಯದೆ ಪಾಲಿಸುವ ದಾರಿ ಆಕೆಗೆ ಯಾವುದು? ಮೊದಲ ದಿನವೇ ಲಾಠಿಯ ಏಟುಗಳ ಚಿತ್ರಗಳು ರಾಜ್ಯವೆಲ್ಲ ಹರಡಿ, ಸಮೀಪದ ಅಂಗಡಿಗೆ ವಾಹನದಲ್ಲಿ ಹೋಗಬಹುದೆಂಬ ಸಡಿಲಿಕೆ ಬಂದಿತು. ಅದಕ್ಕೆ ಮೊದಲು ಒಬ್ಬ ತಹಶೀಲ್ದಾರರನ್ನು ಕೇಳಿದ್ದರೂ ಈ ಮಾತನ್ನು ಹೇಳುತ್ತಿದ್ದರು.

ಮೊಳಕಾಲ್ಮೂರಿನ ನೇಕಾರರ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಮನೆಯಲ್ಲೇ ಇರಿ ಎಂಬ ಉಪದೇಶ ಅವರಿಗೆ ಹೊಸತಲ್ಲ. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ ಅವರ ದಿನವೆಲ್ಲ ಮನೆಯೊಳಗೇ ಸಾಗುತ್ತದೆ. ದೂರದಿಂದ ನೋಡಿದವರಿಗೆ, ಲಾಕ್‌ಡೌನಿನಿಂದ ತೊಂದರೆಯಾಗದ ಕಸುಬು ಯಾವುದಾದರೂ ಇದ್ದರೆ ಅದು ಇದೇ ಎನಿಸಬಹುದು. ಆದರೆ ಮಗ್ಗದ ಹಾಸಿನ ಎಳೆಗಳಿಗೆ ಬೇಕಾದ ರೇಷ್ಮೆ, ಅಂಚಿಗೆ ಬೇಕಾದ ಜರಿ ಹೊರಗಿನಿಂದ ಬರಬೇಕು. ನೇಯ್ದ ಸೀರೆ ಹೊರಗೆ ಹೋಗಬೇಕು. ಮಗ್ಗದ ಮೇಲಿದ್ದ ಹಾಸು ಮುಗಿದ ದಿನ ಲಾಳಿ ನಿಂತಿತು. ನೂಲು ಕೊಡುವ ಸಾಹುಕಾರನ ಬಳಿಯೂ ಹಿಂದಿನ ಸೀರೆಗಳೇ ಮಡಿಕೆ ಬಿಚ್ಚದೆ ಬಿದ್ದಿದ್ದುವು, ಏಕೆಂದರೆ ರೇಷ್ಮೆ ಸೀರೆಯನ್ನು ಬೇಡುವ ಮದುವೆಗಳು ಮೊದಲ ವರ್ಷ 50 ಮಂದಿಗೆ, ಮರುವರ್ಷದ ಮೇ ತಿಂಗಳಿನಲ್ಲಿ 40 ಮಂದಿಗೆ ಇಳಿದುವು. ಎರಡು ವೈಶಾಖಗಳು ಹೀಗೆ ಕಳೆದುವು. ಸರ್ಕಾರವು ಸುಮ್ಮನಿರಲಿಲ್ಲ: 2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ನೆರವನ್ನು ಸಾರಿ, ಅಗಸರಿಗೂ ಕ್ಷೌರಿಕರಿಗೂ ಆಟೋ ಚಾಲಕರಿಗೂ 5,000 ರೂಪಾಯಿಗಳನ್ನು, ಕೈಮಗ್ಗದ ನೇಕಾರರಿಗೆ 2,000 ರೂಪಾಯಿಗಳನ್ನು ಗೊತ್ತುಮಾಡಿತು. ಕೃತಜ್ಞತೆಯಿಂದ ನೆನೆಯಬೇಕಾದ ಮಾತೇ ಇದು. ಆದರೆ ದುಡಿಮೆ ನಿಂತದ್ದು ಮಾರ್ಚ್ ತಿಂಗಳಿನಲ್ಲಿ, ನೆರವಿನ ಮಾತು ಬಂದದ್ದು ಮೇ ತಿಂಗಳಿನಲ್ಲಿ. ನಿಷೇಧವು ಒಂದು ರಾತ್ರಿಯಲ್ಲಿ ಜಾರಿಯಾಗಬಹುದಾದರೆ, ಪರಿಹಾರಕ್ಕೆ ಆರು ವಾರ ಏಕೆ ಬೇಕು?

ಹಿರಿಯರಿಗೂ ಕಿರಿಯರಿಗೂ ಒಂದೇ ಅಳತೆಯೆಂಬ ಮಾತನ್ನು ವಿಸ್ತರಿಸಲು ನನಗೆ ಉತ್ಸಾಹವಿಲ್ಲ. ಎಲ್ಲರೂ ಕಂಡದ್ದೇ ಅದು. ನಮ್ಮ ಜಿಲ್ಲೆಯಲ್ಲಿಯೇ 2020ರ ಜೂನ್ ಆರಂಭದಲ್ಲಿ ಅಂದಿನ ಆರೋಗ್ಯ ಮಂತ್ರಿಗಳಿಗೆ, ಅಂತರದ ನಿಯಮವನ್ನು ಗಾಳಿಗೆ ತೂರಿ, ಹಾರ ತುರಾಯಿಗಳ ಮೆರವಣಿಗೆ ನಡೆಯಿತು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಅಂದಿನ ವಿರೋಧಪಕ್ಷವು ಮೇಕೆದಾಟು ಪಾದಯಾತ್ರೆಯನ್ನು ಹೊರಡಿಸಿ, ಉಚ್ಚ ನ್ಯಾಯಾಲಯವು ಪ್ರಶ್ನಿಸಿದ ಮೇಲೆ ನಿಲ್ಲಿಸಿತು. ಈ ವಿಷಯದಲ್ಲಿ ಪಕ್ಷಭೇದವಿರಲಿಲ್ಲ. ಬ್ರಿಟನ್ನಿನಲ್ಲಿಯಾದರೆ, ತಾನೇ ವಿಧಿಸಿದ ನಿಯಮವನ್ನು ಮುರಿದುದಕ್ಕಾಗಿ ಪ್ರಧಾನಮಂತ್ರಿಯೇ 2022ರ ಏಪ್ರಿಲ್‌ನಲ್ಲಿ ದಂಡ ತೆತ್ತನು. ಮಾಸ್ಕ್ ಜಾರಿತೆಂದು ಸಂತೆಯಲ್ಲಿ ದಂಡ ಕಟ್ಟಿದ ಈರುಳ್ಳಿ ಮಾರುವವನಿಗೆ ಇದನ್ನು ಹೇಳಿದರೆ, ಆತನು ನಗುವುದು ಬ್ರಿಟನ್ನಿನವರನ್ನು ಕಂಡಲ್ಲ.

ಇಷ್ಟು ಹೇಳಿ, ಜನರೆಲ್ಲ ಸಾಧುಗಳು, ಸರ್ಕಾರವೊಂದೇ ಕ್ರೂರಿ ಎಂದು ಮುಗಿಸಿದರೆ ನಾನು ಅರ್ಧಸತ್ಯವನ್ನು ಹೇಳಿದಂತಾದೀತು. ನಿರ್ಬಂಧವು ಈ ಸೀಮೆಯವರಿಗೆ ಅಪರಿಚಿತವಲ್ಲ. ಪಿಡುಗು ಬಂದಾಗ ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನಕರುಗಳೊಡನೆ ಹೊರಗೆ ಬಂದು, ಮರದಡಿ ಒಲೆ ಹೂಡಿ ಅಡಿಗೆ ಮಾಡಿ, ಹೊತ್ತು ಮುಳುಗಿದ ಮೇಲೆ ಒಳಗೆ ಹೋಗುವ ಹೊರಬೀಡಿನ ಪದ್ಧತಿ ಇಲ್ಲಿ ಇಂದಿಗೂ ಉಳಿದಿದೆ. ಅದಕ್ಕೆ ಯಾವ ಪೊಲೀಸರೂ ಬೇಕಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಜನರು ತಾವಾಗಿಯೇ ಮುಳ್ಳುಕಂಟಿಗಳನ್ನೂ ಕಲ್ಲುಗಳನ್ನೂ ದಾರಿಗೆ ಅಡ್ಡಹಾಕಿದರು. ಆದರೆ ಆ ಬೇಲಿಯೇ ಬೆಂಗಳೂರಿನಿಂದ ನಡೆದು ಬಂದ ಊರಿನ ಮಗನನ್ನೂ ಕುರಿಮಂದೆಯೊಡನೆ ಅಲೆಯುವ ಕುರಿಗಾಹಿಯನ್ನೂ ಹೊರಗೆ ನಿಲ್ಲಿಸಿತು. ರಾಜ್ಯವೂ ಇದೇ ತಪ್ಪನ್ನು ದೊಡ್ಡದಾಗಿ ಮಾಡಿತು: ಕಾಸರಗೋಡಿನ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ದಾರಿ ಮುಚ್ಚಿದಾಗ, ಆ ವ್ಯಾಜ್ಯವು ಕೇರಳದ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಬೇಕಾಯಿತು. ಭಯಪಟ್ಟ ಜನ ನಿರ್ದಯರಾಗುವುದುಂಟು. ಆ ಭಯವನ್ನು ಹದಕ್ಕೆ ತರುವುದಕ್ಕಾಗಿಯೇ ಸರ್ಕಾರವಿರುವುದು, ಅದನ್ನು ಮುದ್ರೆಯೊತ್ತಿ ಹೊರಡಿಸುವುದಕ್ಕಲ್ಲ.

ಬರಿಯ ಬಲದಿಂದ ಹೇರಿದ ಆರೋಗ್ಯ ನಿಯಮ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಹಳೆಯ ಸಾಕ್ಷಿಗಳಿವೆ. ಮುಂಬಯಿಯ ಪ್ಲೇಗಿನ ನಡುವೆ ಆತುರದಿಂದ ರಚಿಸಿದ 1897ರ ಸಾಂಕ್ರಾಮಿಕ ರೋಗಗಳ ಶಾಸನದಲ್ಲಿ ಇದ್ದುದು ನಾಲ್ಕೇ ವಿಧಿಗಳು. ಅಧಿಕಾರ, ಶಿಕ್ಷೆ, ಅಧಿಕಾರಿಗಳಿಗೆ ರಕ್ಷಣೆ ಇವೆಲ್ಲ ಅದರಲ್ಲಿದ್ದುವು, ಪ್ರಜೆಯ ಹಕ್ಕಿನ ಮಾತು ಮಾತ್ರ ಇರಲಿಲ್ಲ. ಮನೆಮನೆ ಹೊಕ್ಕು ಶೋಧಿಸಿದ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡನು ಅದೇ ವರ್ಷದ ಜೂನ್‌ನಲ್ಲಿ ಗುಂಡೇಟಿಗೆ ಗುರಿಯಾದನು. ಮರುವರ್ಷ ನಮ್ಮ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ಪ್ಲೇಗ್ ನಿಬಂಧನೆಗಳ ವಿರುದ್ಧ ದಂಗೆಯೆದ್ದರು. 2020ರಲ್ಲಿ ನಾವು ಕೈಗೆತ್ತಿಕೊಂಡುದೂ ಆ ಶಾಸನವನ್ನೇ, ಅದರ ಜಾಡಿನಲ್ಲಿ ರಾಜ್ಯವು ಮಾಡಿಕೊಂಡ ತನ್ನದೇ ಶಾಸನವನ್ನೇ. ಕೋವಿಡ್ ಕಾಲದ ಖರೀದಿಗಳನ್ನು ಕುರಿತು ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗ 2023ರಲ್ಲಿ ನೇಮಕವಾಯಿತು. ಹಣದ ಲೆಕ್ಕವನ್ನು ಕೇಳಿದುದು ಸರಿಯೇ. ಆದೇಶಗಳ ಲೆಕ್ಕವನ್ನೂ ಕೇಳಬೇಡವೆ? ಸ್ವೀಡನ್ ದೇಶವು ಇದಕ್ಕಾಗಿಯೇ ಆಯೋಗ ರಚಿಸಿ, ಅದರ ಅಂತಿಮ ವರದಿಯನ್ನು 2022ರ ಫೆಬ್ರವರಿಯಲ್ಲಿ ಜನರ ಮುಂದಿಟ್ಟಿತು.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಮುಂದಿನ ಪಿಡುಗಿಗೆ ಒಂದು ಮಾದರಿ ಆದೇಶವನ್ನು ಈಗಲೇ ಸಿದ್ಧಪಡಿಸಿರಿ. ಪ್ರತಿಯೊಂದು ನಿರ್ಬಂಧದ ಕೆಳಗೂ ಅದರ ಕಾರಣವನ್ನೂ, ಯಾವ ಸ್ಥಿತಿ ಬಂದರೆ ಅದು ತಾನಾಗಿ ತೊಲಗುವುದೆಂಬುದನ್ನೂ ಬರೆಯಿರಿ. ಅಂಗಡಿಯ ಹೊತ್ತು, ವಾಹನ, ಸಂತೆ ಇಂಥವುಗಳಲ್ಲಿ ತಾಲ್ಲೂಕಿಗೆ ತಕ್ಕ ಮಾರ್ಪಾಡು ಮಾಡುವ ಅಧಿಕಾರವನ್ನು ತಹಶೀಲ್ದಾರರಿಗೆ ಕೊಡಿರಿ. ಯಾರ ದುಡಿಮೆ ನಿಲ್ಲುವುದೋ ಅವರ ಪಟ್ಟಿ ಮೊದಲೇ ಇರಲಿ; ನಿಷೇಧವೂ ಹಣವೂ ಒಂದೇ ದಿನ ಮನೆ ಮುಟ್ಟಲಿ. ಆದೇಶವು ತಿಳಿಯಾದ ಕನ್ನಡದಲ್ಲಿ, ರಾಯದುರ್ಗದ ಕಡೆಯ ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲಿಯೂ, ಮೊಬೈಲಿನ ಜೊತೆಗೆ ಡಂಗುರದಿಂದಲೂ ಸಾರಲ್ಪಡಲಿ; ಎರ್ರಗುಡಿಯ ಶಾಸನದಲ್ಲಿ ಅಶೋಕನ ರಜ್ಜುಕರೆಂಬ ಅಧಿಕಾರಿಗಳಿಗೆ ವಿಧಿಸಿರುವುದೂ ಭೇರಿ ಹೊಡೆದು ಜನಪದಕ್ಕೆ ತಿಳಿಸಬೇಕೆಂಬುದೇ ಅಲ್ಲವೆ? ಲಾಠಿಯನ್ನು ಆರೋಗ್ಯ ನಿಯಮದ ಸಾಧನಗಳ ಪಟ್ಟಿಯಿಂದ ತೆಗೆದುಹಾಕಿರಿ. ಮಂತ್ರಿಗಳೂ ಶಾಸಕರೂ ನಿಯಮ ಮೀರಿದರೆ ದಂಡ ಹಾಕುವವರು ಯಾರೆಂಬುದನ್ನು ಹೆಸರಿಸಿರಿ. ಈ ಕರಡನ್ನು ಬರುವ ಗ್ರಾಮಸಭೆಗಳ ಮುಂದಿಡಿಸಿ, ಅಲ್ಲಿ ನೇಕಾರನೂ ಕುರಿಗಾಹಿಯೂ ಆಶಾ ಕಾರ್ಯಕರ್ತೆಯೂ ಹೇಳುವ ತಿದ್ದುಪಡಿಗಳನ್ನು ಬರೆದುಕೊಳ್ಳಿರಿ. ರೋಗ ಮತ್ತೆ ಬಂದಾಗ ಆ ಆದೇಶವನ್ನು ಓದುವವರು, ಅದನ್ನು ಮಾಡುವಾಗ ತಮ್ಮನ್ನೂ ಕೇಳಿದ್ದರೆಂದು ನೆನೆಸಿಕೊಳ್ಳುವಂತಾದರೆ, ಅದರ ಅರ್ಧ ಪಾಲನೆ ಆಗಲೇ ಆದಂತೆ.

ಇಂತು, ತಮ್ಮ ವಿಶ್ವಾಸಿ,
ಮೊಳಕಾಲ್ಮೂರು ಸೀಮೆಯ ಒಬ್ಬ ಪ್ರಜೆ