ಉಪ್ಪು ಮೆಣಸಿನ ಪಾಪ

ಕ್ರಿಸ್ತನನ್ನು ನಂಬುವವಳು ಮಗುವಿಗೆ ದೃಷ್ಟಿ ತೆಗೆಯಬಹುದೇ? ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ತಪಸ್ಸುಕಾಲದ ಧ್ಯಾನಕೂಟ ಬಂತೆಂದರೆ ಈ ಪ್ರಶ್ನೆಗೂ ಜೀವ ಬರುತ್ತದೆ. ಪ್ರವಚನಕಾರರು ಹೆಂಗಸರು ಕುಳಿತ ಕಡೆಗೆ ಮುಖ ಮಾಡಿ, ಉಪ್ಪು ಮೆಣಸು ನಿವಾಳಿಸುವುದೂ ಒಂದು ಮಾಟವೇ, ಅದು ದೇವರ ಮೊದಲ ಕಟ್ಟಳೆಗೆ ವಿರುದ್ಧವಾದ ಪಾಪ, ಪಾಪನಿವೇದನೆಯಲ್ಲಿ ಹೇಳಿಕೊಳ್ಳಿ ಎನ್ನುತ್ತಾರೆ. ನಾವು ತಲೆ ತಗ್ಗಿಸಿ ಕೇಳುತ್ತೇವೆ. ಅದೇ ಸಂಜೆ ಮಗು ಹಾಲು ಕುಡಿಯದೆ ರಚ್ಚೆ ಹಿಡಿದರೆ ಅಜ್ಜಿಯ ಕೈ ತಾನಾಗಿ ಉಪ್ಪಿನ ಮರಿಗೆಗೆ ಹೋಗುತ್ತದೆ. 28 ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಮಾಡುತ್ತ, ಅಷ್ಟೇ ವರ್ಷಗಳಿಂದ ಬೆಂಚಿನ ಮೇಲೆ ಕೂತು ಈ ಪ್ರವಚನವನ್ನೂ ಕೇಳುತ್ತ ಬಂದವಳು ನಾನು. ಇಲ್ಲಿ ಬೈಗುಳ ತಿನ್ನಬೇಕಾದವರು ಬೇರೆಯವರು, ತಿನ್ನುತ್ತಿರುವವರು ಬೇರೆಯವರು ಎಂಬುದು ನನ್ನ ತಕರಾರು.

ಅಜ್ಜಿಯಂದಿರು ಮಾಡುವ ಈ ‘ಮಾಟ’ ಏನೆಂದು ಮೊದಲು ನೋಡೋಣ. ಒಂದು ಹಿಡಿ ಉಪ್ಪು, ನಾಲ್ಕಾರು ಒಣಮೆಣಸು. ಮಗುವಿನ ತಲೆಯಿಂದ ಕಾಲಿನವರೆಗೆ ಮೂರು ಸಲ ಸುಳಿದು ಒಲೆಗೆ ಹಾಕುವುದು. ನಮ್ಮ ಮನೆಗಳಲ್ಲಿ ಸುಳಿಯುವಾಗ ಬಾಯಲ್ಲಿ ಬರುವುದು ಮಾತೆ ಮರಿಯಳ ಜಪ. ಕೊನೆಗೆ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು. ಇದಕ್ಕೆ ಯಾರೂ ದಕ್ಷಿಣೆ ಕೇಳುವುದಿಲ್ಲ. ಇದರಿಂದ ಯಾರಿಗೂ ಕೇಡಾಗಲಿ ಎಂದು ಬಯಸುವುದಿಲ್ಲ. ಮಗು ಮಲಗುತ್ತದೆ, ತಾಯಿಯ ಎದೆ ಹಗುರಾಗುತ್ತದೆ, ಅಷ್ಟೇ. ಮೆಣಸಿಗೆ ಜ್ವರ ಇಳಿಸುವ ಶಕ್ತಿಯಿದೆಯೆಂದು ನಾನು ವಾದಿಸುವುದಿಲ್ಲ. ಹೆತ್ತವಳ ಹೆದರಿಕೆಗೆ ಕೈಯಿಂದ ಏನಾದರೂ ಮಾಡಬೇಕಾಗುತ್ತದೆ. ಆ ಕೈಗೆ ನಮ್ಮ ಹಿರಿಯರು ಉಪ್ಪು ಕೊಟ್ಟಿದ್ದಾರೆ.

ಇದು ಅನ್ಯಧರ್ಮದ ಕಸ, ಗುಡಿಸಿ ಹಾಕಿ ಎನ್ನುವವರು ನಮ್ಮದೇ ಇತಿಹಾಸವನ್ನು ಒಮ್ಮೆ ಓದಬೇಕು. ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ಹೆಚ್ಚಿನವರ ಪೂರ್ವಿಕರು ಗೋವೆಯಿಂದ ಬಂದವರು. ಆ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ‘ಇಂಕ್ವಿಸಿಷನ್’ ಎಂಬ ಧರ್ಮನ್ಯಾಯಾಲಯವಿತ್ತು. 1736ರಲ್ಲಿ ಅದು ಹೊರಡಿಸಿದ ಆಜ್ಞೆಯಲ್ಲಿ ಮದುಮಕ್ಕಳಿಗೆ ಅರಿಶಿನ, ಎಣ್ಣೆ ಹಚ್ಚುವುದು, ಮದುವೆಯ ಹಾಡು ಹೇಳುವುದು, ಅಂಗಳದಲ್ಲಿ ತುಳಸಿ ನೆಡುವುದು ಎಲ್ಲವೂ ಅಪರಾಧಗಳೇ. ಈಗ? ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವನ್ನು ‘ನಮ್ಮ ಕ್ರೈಸ್ತ ಸಂಪ್ರದಾಯ’ ಎಂದು ಹೆಮ್ಮೆಯಿಂದ ಮಾಡುತ್ತೇವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸಿ ಕೊಡುತ್ತಾರೆ. ಅದನ್ನು ತಂದು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಉಣ್ಣುತ್ತೇವೆ. ನೆರೆಮನೆಯವರ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಹಳೆಯ ಗರಿಗಳನ್ನು ಸುಟ್ಟ ಬೂದಿಯನ್ನು ಬೂದಿ ಬುಧವಾರ ಹಣೆಗೆ ಹಚ್ಚಿಸಿಕೊಳ್ಳುತ್ತೇವೆ. ಕ್ರಿಸ್ಮಸ್ ಗೋದಲಿಯಲ್ಲಿ ಒಂಟೆಯ ಪಕ್ಕ ನಿಲ್ಲಿಸುವ ಮೂವರು ರಾಯರೂ ಮೂಲದಲ್ಲಿ ನಕ್ಷತ್ರ ನೋಡುವವರು. ಗ್ರೀಕಿನಲ್ಲಿ ಅವರನ್ನು ಕರೆಯುವ ‘ಮಾಗೊಯ್’ ಎಂಬ ಶಬ್ದದ ಬಳಗದಿಂದಲೇ ‘ಮ್ಯಾಜಿಕ್’ ಎಂಬ ಮಾತೂ ಬಂದಿದೆ. ಗಂಡಸರ ಕೈಯಲ್ಲಿ ಇಗರ್ಜಿಯೊಳಗೆ ನಡೆದದ್ದು ಸಂಸ್ಕಾರ, ಹೆಂಗಸಿನ ಕೈಯಲ್ಲಿ ಅಡುಗೆಮನೆಯಲ್ಲಿ ನಡೆದದ್ದು ಮಾಟ ಎಂದರೆ ಹೇಗೆ ಒಪ್ಪೋಣ?

ಹಾಗಾದರೆ ಸತ್ಯವೇದದಲ್ಲಿ ನಿಷೇಧವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಖಂಡಿತ ಇದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಕಣಿ ಹೇಳುವವರನ್ನೂ ಮಂತ್ರ ಹಾಕುವವರನ್ನೂ ಸತ್ತವರನ್ನು ಎಬ್ಬಿಸಿ ವಿಚಾರಿಸುವವರನ್ನೂ ದೂರ ಇಡಬೇಕೆಂದು ಹೇಳುತ್ತದೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವವಳಲ್ಲ. ಭಾನುವಾರ ದಿವ್ಯ ಪ್ರಸಾದ, ಮಂಗಳವಾರ ಮಂತ್ರವಾದಿ ಎಂಬ ಹೊಂದಾಣಿಕೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಮಾತು. ಅಂಗಡಿಯ ವ್ಯಾಪಾರ ಕುಸಿದಾಗ, ಜಾಗದ ತಕರಾರು ಕೋರ್ಟಿಗೆ ಹೋದಾಗ, ಕತ್ತಲಾದ ಮೇಲೆ ಕಾರು ತೆಗೆದು ದೂರದೂರಿನ ಮಂತ್ರವಾದಿಯನ್ನು ಕಂಡು, ತಗಡು, ನಿಂಬೆಹಣ್ಣಿಗೆ ಸಾವಿರಗಟ್ಟಲೆ ಎಣಿಸಿ ಬರುವವರು ಹೆಚ್ಚಾಗಿ ಯಾರು? ಇಗರ್ಜಿಯ ಹಬ್ಬಕ್ಕೆ ದೊಡ್ಡ ವಂತಿಗೆ ಕೊಡುವ ಯಜಮಾನರೇ. ಅವರಿಗೆ ಪ್ರವಚನವಿಲ್ಲ. ಹಿಂದೆ ಸೌಲ ರಾಜನೂ ಹೀಗೆಯೇ ಮಾಡಿದ್ದ. ಪ್ರೇತ ವಿಚಾರಿಸುವವರನ್ನೆಲ್ಲ ರಾಜ್ಯದಿಂದ ಓಡಿಸಿದವನು, ಯುದ್ಧದ ಭಯ ಹಿಡಿದಾಗ ವೇಷ ಮರೆಸಿಕೊಂಡು ರಾತ್ರಿ ಏಂದೋರಿನ ಹೆಂಗಸಿನ ಮನೆ ಬಾಗಿಲಿಗೆ ಹೋದ. ಸಮುವೇಲನ ಮೊದಲ ಪುಸ್ತಕದ 28ನೆಯ ಅಧ್ಯಾಯದಲ್ಲಿ ಈ ಕತೆಯಿದೆ. ಅದರ ಕೊನೆಯನ್ನು ಓದಿ. ತನಗೆ ಸೋಲು, ಸಾವು ಕಾದಿದೆಯೆಂದು ಕೇಳಿ, ಉಪವಾಸವಿದ್ದ ರಾಜ ನೆಲಕ್ಕೆ ಬಿದ್ದಾಗ, ಅವನನ್ನು ಎಬ್ಬಿಸಿ, ಮನೆಯಲ್ಲಿ ಸಾಕಿದ್ದ ಕರುವನ್ನು ಕೊಯ್ದು, ಹಿಟ್ಟು ನಾದಿ ರೊಟ್ಟಿ ಸುಟ್ಟು ಉಣ್ಣಿಸಿದವಳು ಅದೇ ಹೆಂಗಸು. ನಾನು ಕೇಳಿದ ಯಾವ ಪ್ರವಚನದಲ್ಲೂ ಆ ಊಟದ ಮಾತು ಬಂದಿಲ್ಲ.

ಇಷ್ಟಾದರೂ ನನ್ನ ನಿಜವಾದ ಜಗಳ ಉಪ್ಪಿನ ಬಗ್ಗೆಯಲ್ಲ. ಮಾಟ ಎಂಬ ನಂಬಿಕೆಗೆ ಇನ್ನೊಂದು ತುದಿಯಿದೆ. ‘ಇದು ಯಾರ ಕೆಲಸ?’ ಎಂದು ಕೇಳುವ ತುದಿ ಅದು. ಅಲ್ಲಿಗೆ ಹೋದ ಮೇಲೆ ಅದಕ್ಕೂ ಕ್ರಿಸ್ತನ ನಂಬಿಕೆಗೂ ಯಾವ ರಾಜಿಯೂ ಸಾಧ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಪಾಠದ ನಡುವೆಯೇ ಫಿಟ್ಸ್ ಬಂತು. ತಿಂಗಳೊಳಗೆ ಮೂರು ಸಲ. ಡಾಕ್ಟರಿಗೆ ತೋರಿಸಿ ಎಂದು ನಾನು ತಾಯಿಗೆ ಹೇಳಿ ಕಳಿಸಿದೆ. ಅವರು ಮೊದಲು ಹೋದದ್ದು ಮಂತ್ರವಾದಿಯ ಬಳಿ, ಆಮೇಲೆ ಒಂದು ಪ್ರಾರ್ಥನಾಕೂಟಕ್ಕೆ. ವಿಚಿತ್ರ ನೋಡಿ, ಒಬ್ಬ ಕವಡೆ ಹಾಕಿ ಹೇಳಿದ್ದನ್ನೇ ಇನ್ನೊಬ್ಬರು ಬೈಬಲ್ ಹಿಡಿದು ಹೇಳಿದರು: ಹತ್ತಿರದ ಒಬ್ಬ ಹೆಂಗಸಿನ ಕೈವಾಡ. ಹತ್ತಿರದ ಹೆಂಗಸು ಯಾರು? ಹಿಂದಿನ ಮನೆಯ ಬಾಯಮ್ಮ. ಗಂಡ ಇಲ್ಲ, ಒಬ್ಬಳೇ ಮಗಳು ಮದುವೆಯಾಗಿ ದೂರ. ವಾಡೆಯ ಅರ್ಧ ಮಕ್ಕಳಿಗೆ ಉಪ್ಪು ಸುಳಿದು ಶಿಲುಬೆಯ ಗುರುತು ಹಾಕಿದ ಕೈ ಅವರದು. ಆ ಹುಡುಗನನ್ನೂ ಎತ್ತಿ ಆಡಿಸಿದವರು. ದೃಷ್ಟಿ ತೆಗೆಯಲು ಗೊತ್ತಿದ್ದವಳಿಗೆ ಹಾಕಲೂ ಗೊತ್ತಿರಬೇಕಲ್ಲ ಎಂದರು ಜನ. ಬಾವಿಗೆ ಬಂದರೆ ಬೇರೆಯವರು ಕೊಡ ಎತ್ತಿಕೊಂಡು ಹೋದರು. ಪೂಜೆಯಲ್ಲಿ ಶಾಂತಿಯ ಕೈಜೋಡಿಸುವಾಗ ಪಕ್ಕದವರು ಆ ಕಡೆ ತಿರುಗಿದರು. ಮನೆ ಹಂಚಿನ ಮೇಲೆ ಎರಡು ರಾತ್ರಿ ಕಲ್ಲು ಬಿತ್ತು. “ಟೀಚರೇ, ನಾನು ಆ ಮಗುವಿಗೆ ಏನು ಮಾಡಲಿ? ಹುಟ್ಟಿದಾಗ ಮೊದಲ ನೀರು ಹಾಕಿದ್ದು ನಾನಲ್ಲವಾ?” ಎಂದು ಅವರು ನಮ್ಮ ಜಗಲಿಯಲ್ಲಿ ಕೂತು ಕೇಳಿದರು.

ಹುಡುಗನ ಸೋದರಮಾವ ಊರಿಗೆ ಬಂದವನು ನನ್ನ ಮಾತು ಕೇಳಿ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದ. ತಲೆಗೆ ತಂತಿ ಅಂಟಿಸಿ ಇಇಜಿ ತೆಗೆದರು, ಮೂರ್ಛೆರೋಗ ಎಂದರು. ದಿನಕ್ಕೆ ಎರಡು ಹೊತ್ತು ಮಾತ್ರೆ. ಎಸ್.ಎಸ್.ಎಲ್.ಸಿ. ಮುಗಿಸುವವರೆಗೆ ಅವನಿಗೆ ಮತ್ತೆ ಫಿಟ್ಸ್ ಬರಲಿಲ್ಲ. ಸರಿಯಾದ ಔಷಧ ಸಿಕ್ಕಿದರೆ ಈ ರೋಗವಿರುವ ನೂರರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಡುಗ ಗುಣವಾದ, ಸಂತೋಷ. ಆದರೆ ಬಾಯಮ್ಮನ ಹತ್ತಿರ ಒಬ್ಬರೂ ಬಂದು ತಪ್ಪಾಯಿತು ಎನ್ನಲಿಲ್ಲ. ಅವರು ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಆ ವರ್ಷವೂ ತಪಸ್ಸುಕಾಲದಲ್ಲಿ ಉಪ್ಪು ಮೆಣಸಿನ ಪ್ರವಚನ ನಡೆಯಿತು. ಕಲ್ಲು ಎಸೆದವರ ಬಗ್ಗೆ ಒಂದು ಮಾತೂ ಬರಲಿಲ್ಲ.

ಇದು ನಮ್ಮ ಹಳ್ಳಿಗರ ಅಜ್ಞಾನ ಎಂದು ಮೂಗು ಮುರಿಯುವವರಿಗೆ ಕ್ರೈಸ್ತ ದೇಶಗಳ ಕತೆ ಹೇಳುತ್ತೇನೆ. 1692ರಲ್ಲಿ ಅಮೆರಿಕದ ಸೇಲಂ ಎಂಬಲ್ಲಿ ಪಾದ್ರಿಯ ಮನೆಯ ಇಬ್ಬರು ಹುಡುಗಿಯರಿಗೆ ಫಿಟ್ಸಿನಂಥದೇ ಏನೋ ಬಂತು. ಅಲ್ಲಿಯೂ ಕೇಳಿದ್ದು ಅದೇ ಪ್ರಶ್ನೆ: ಯಾರು ಮಾಡಿದ್ದು? ಮೊದಲು ಹೆಸರು ಬಂದವರು ಯಾರು ಗೊತ್ತೇ? ಆ ಮನೆಯ ಜೀತದಾಳು ಟಿಟುಬಾ, ಬೇಡಿ ತಿನ್ನುತ್ತಿದ್ದ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್‌ಬರ್ನ್. ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಐದು ವರ್ಷದ ಮೇಲೆ, 1697ರಲ್ಲಿ, ನ್ಯಾಯಾಧೀಶರಲ್ಲೊಬ್ಬರಾದ ಸ್ಯಾಮ್ಯುವೆಲ್ ಸೂಯಲ್ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತನ್ನ ಪಶ್ಚಾತ್ತಾಪ ಪತ್ರ ಓದಿಸಿದರು. ಯುರೋಪಿನಲ್ಲಂತೂ 15ರಿಂದ 18ನೆಯ ಶತಮಾನದವರೆಗೆ ಹೀಗೆ ಸತ್ತವರು 40,000ದಿಂದ 60,000 ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಪಾಲು ಹೆಂಗಸರು. ಮಾಟಗಾತಿಯರನ್ನು ಹಿಡಿಯುವುದು ಹೇಗೆಂದು 1486ರ ಸುಮಾರಿಗೆ ಪುಸ್ತಕ ಬರೆದ ಹೈನ್‌ರಿಶ್ ಕ್ರಾಮರ್ ಒಬ್ಬ ಸನ್ಯಾಸಿ. ಅದೇ ಇಗರ್ಜಿಯ ಇನ್ನೊಬ್ಬ ಗುರು, ಯೇಸುಸಭೆಯ ಫ್ರೀಡ್ರಿಶ್ ಸ್ಪೇ, 1631ರಲ್ಲಿ ತನ್ನ ಹೆಸರು ಹಾಕದೆ ಇನ್ನೊಂದು ಪುಸ್ತಕ ತಂದರು. ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಮಾಟಗಾತಿಯೆಂದು ಒಪ್ಪಿಕೊಂಡಾರು ಎಂಬುದು ಅವರ ವಾದ. ಧರ್ಮವೊಂದೇ, ಜಪಸರವೊಂದೇ. ಒಬ್ಬರು ಬೆರಳು ತೋರಿಸಿದರು, ಇನ್ನೊಬ್ಬರು ಆ ಬೆರಳನ್ನು ತಡೆದರು. ನಮಗೆ ಯಾರು ಮಾದರಿ?

ನಮ್ಮ ದೇಶದಲ್ಲಿ ಇದು ಮುಗಿದ ಕತೆಯಲ್ಲ. ಬಿಹಾರ 1999ರಲ್ಲಿ, ಛತ್ತೀಸಗಡ 2005ರಲ್ಲಿ, ಅಸ್ಸಾಂ 2015ರಲ್ಲಿ ಮಾಟಗಾತಿಯೆಂದು ಹೆಂಗಸರನ್ನು ಹಿಂಸಿಸುವುದರ ವಿರುದ್ಧವೇ ಕಾನೂನು ಮಾಡಬೇಕಾಯಿತು. ಜಾರ್ಖಂಡಿನ ಛುಟ್ನಿ ಮಹತೋ ಸ್ವತಃ ಮಾಟಗಾತಿಯೆಂಬ ಹಣೆಪಟ್ಟಿ ಹೊತ್ತು ಊರು ಬಿಟ್ಟವರು. ಆಮೇಲೆ ಅಂಥದೇ ಹೆಂಗಸರ ರಕ್ಷಣೆಗೆ ನಿಂತರು. ಅಸ್ಸಾಮಿನ ಬೀರುಬಾಲಾ ರಾಭಾ ಅವರ ಮಗ ಕಾಯಿಲೆಬಿದ್ದಾಗ ನಾಟಿ ಮಂತ್ರಗಾರ, ಇವನು ಉಳಿಯುವುದಿಲ್ಲ ಎಂದಿದ್ದ. ಮಗ ಉಳಿದ, ತಾಯಿ ಅಂದಿನಿಂದ ಆ ಮೂಢನಂಬಿಕೆಯ ವಿರುದ್ಧ ಊರೂರು ಸುತ್ತಿದರು. ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂತು. ಬೀರುಬಾಲಾ 2024ರಲ್ಲಿ ತೀರಿಕೊಂಡರು. ನಮ್ಮ ಕರ್ನಾಟಕದಲ್ಲಿಯೂ 2017ರಲ್ಲಿ ವಾಮಾಚಾರ ತಡೆ ಕಾಯ್ದೆ ಆಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅದರಲ್ಲಿ ಅಪರಾಧ. ಕಾನೂನು ಇದೆ. ಆದರೆ ಬಾವಿಕಟ್ಟೆಯಲ್ಲಿ ಕೊಡ ಎತ್ತಿಕೊಂಡು ಹೋಗುವುದಕ್ಕೆ ಯಾವ ಸೆಕ್ಷನ್ ಹಾಕುತ್ತೀರಿ? ಅದನ್ನು ತಡೆಯಬೇಕಾದವರು ನಾವು, ಮತ್ತು ನಮಗೆ ಧರ್ಮ ಹೇಳುವವರು.

ಧರ್ಮದ ಮಾತು ಬಂದರೆ ಯೇಸುಸ್ವಾಮಿ ಏನು ಮಾಡಿದರು ಎಂದೇ ಕೇಳೋಣ. ಮಾರ್ಕನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಫಿಟ್ಸ್ ಬರುವ ಮಗನನ್ನು ಕರೆತರುತ್ತಾನೆ. ಹುಡುಗ ಬಿದ್ದು ಹೊರಳುತ್ತಾನೆ, ಬಾಯಲ್ಲಿ ನೊರೆ. ಅದು ದುಷ್ಟಾತ್ಮದ ಕಾಟವೆಂದು ಅಂದಿನವರ ತಿಳಿವಳಿಕೆ. ಗ್ರಂಥವೂ ಹಾಗೆಯೇ ಹೇಳುತ್ತದೆ. ಆದರೂ ಸ್ವಾಮಿ ಕೇಳಿದ್ದು ಇದು ಎಷ್ಟು ಕಾಲದಿಂದ ಎಂದು. ಮಂಗಳೂರಿನ ಡಾಕ್ಟರು ಕೇಳಿದ್ದೂ ಅದನ್ನೇ! ಯಾರು ಕಳಿಸಿದ್ದು, ಯಾವ ನೆರೆಮನೆಯವಳ ಕೆಲಸ ಎಂದು ಸ್ವಾಮಿ ಕೇಳಲಿಲ್ಲ. ಯೊವಾನ್ನನ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ ಹೆತ್ತವರದೂ ಅಲ್ಲವೆಂದು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಆಮೇಲೆ ಉಗುಳಿನಿಂದ ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿದರು. ನಮ್ಮ ಅಜ್ಜಿ ಅದನ್ನು ಮಾಡಿದ್ದರೆ ಪಾಪನಿವೇದನೆಗೆ ಕಳಿಸುತ್ತಿದ್ದರೋ ಏನೋ! ಇನ್ನೊಂದನ್ನು ಮರೆಯಬೇಡಿ: ಸ್ವಾಮಿಯ ಮೇಲೂ ಇದೇ ಆರೋಪ ಬಂದಿತ್ತು. ಇವನು ದೆವ್ವಗಳ ಒಡೆಯ ಬೆಲ್ಜೆಬೂಲನ ಸಹಾಯದಿಂದ ದೆವ್ವ ಬಿಡಿಸುತ್ತಾನೆ ಎಂದವರು ಅಂದಿನ ಧರ್ಮಪಂಡಿತರು. ಮಾಟಗಾರ ಎನ್ನಿಸಿಕೊಂಡವನನ್ನೇ ದೇವರೆಂದು ಪೂಜಿಸುವ ನಾವು ಇನ್ನೊಬ್ಬಳನ್ನು ಮಾಟಗಾತಿ ಎನ್ನುವುದು ಹೇಗೆ?

ಆದ್ದರಿಂದ ತಾಯಂದಿರೇ, ಅಕ್ಕತಂಗಿಯರೇ, ಮಗುವಿಗೆ ಉಪ್ಪು ಸುಳಿಯುವುದಿದ್ದರೆ ಸುಳಿಯಿರಿ, ಜಪ ಹೇಳಿ. ಜ್ವರವೋ ಫಿಟ್ಸೋ ಆದರೆ ಉಪ್ಪನ್ನು ಅಲ್ಲೇ ಬಿಟ್ಟು ಮೊದಲು ಆಸ್ಪತ್ರೆಗೆ ಓಡಿ. ಯಾರದೋ ಕೈವಾಡ ಎಂದು ಮಂತ್ರವಾದಿ ಹೇಳಲಿ, ಪ್ರಾರ್ಥನೆ ಮಾಡುವವರು ಹೇಳಲಿ, ಹೆಸರು ಬರುವ ಮೊದಲೇ ಎದ್ದು ಬನ್ನಿ. ಹೆಸರು ಕಿವಿಗೆ ಬಿದ್ದೇಬಿಟ್ಟಿದ್ದರೆ ಆ ಹೆಂಗಸಿನ ಮನೆಗೆ ಹೋಗಿ, ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವ ಹಾಗೆ, ಒಂದು ಲೋಟ ಚಹಾ ಕುಡಿದು ಬನ್ನಿ.

ಧ್ಯಾನಕೂಟದ ಪೂಜ್ಯರಲ್ಲಿಯೂ ಒಂದು ಬಿನ್ನಹ. ಬರುವ ತಪಸ್ಸುಕಾಲದಲ್ಲಿ ಮೆಣಸಿನ ಮಾತು ಒಂದು ವರ್ಷ ಬದಿಗಿರಲಿ. ನೆರೆಯವಳ ಮೇಲೆ ಮಾಟದ ಸುಳ್ಳು ಹೊರಿಸಿದವರು ಎದ್ದು ಹೋಗಿ ಅವಳ ಕ್ಷಮೆ ಕೇಳಿ ಬಂದ ಮೇಲೆಯೇ ದಿವ್ಯ ಪ್ರಸಾದಕ್ಕೆ ಬರಲಿ ಎಂದು ಹೇಳಿ. ಅಂದು ನಾನು ಮುಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ.