ಹುಸಿ ಟ್ಯಾಂಕಿನ ಬೆಲೆ

ಬೆಳಗಾವಿ ಸೀಮೆಯ ಬೋರಗಾಂವದವರಿಗೆ ಪನ್ಹಾಳಗಡವು ದೂರದ ಊರಲ್ಲ, ಕೊಲ್ಲಾಪುರವನ್ನು ದಾಟಿದರಾಯಿತು. 1660ರಲ್ಲಿ ಬಿಜಾಪುರದ ಆದಿಲಶಾಹಿಯ ಸೇನಾನಿ ಸಿದ್ದಿ ಜೌಹರನು ಆ ದುರ್ಗವನ್ನು ಮುತ್ತಿ ಕುಳಿತಿದ್ದಾಗ, ಶಿವಾಜಿಯನ್ನೇ ಹೋಲುತ್ತಿದ್ದ ಶಿವಾ ಕಾಶೀದನೆಂಬ ಕ್ಷೌರಿಕನು ಪಲ್ಲಕ್ಕಿಯನ್ನೇರಿ ಬೇಕೆಂದೇ ಶತ್ರುಗಳ ಕೈಗೆ ಸಿಕ್ಕಿದನೆಂದೂ, ಅಷ್ಟರಲ್ಲಿ ನಿಜವಾದ ಶಿವಾಜಿಯು ಮಳೆಗಾಲದ ಕತ್ತಲೆಯಲ್ಲಿ ವಿಶಾಲಗಡದ ಹಾದಿ ಹಿಡಿದನೆಂದೂ ಪರಂಪರೆಯು ಹೇಳುತ್ತದೆ. ಗುಟ್ಟು ಬಯಲಾದ ಮೇಲೆ ಕಾಶೀದನು ಉಳಿಯಲಿಲ್ಲ.

ಇಪ್ಪತ್ತನೆಯ ಶತಮಾನವು ವೈರಿಗೆ ಹುಸಿ ಗುರಿಯಾಗುವ ಈ ಕಾರ್ಯವನ್ನು ಜಡವಸ್ತುಗಳಿಗೆ ವಹಿಸಿತು. 1942ರ ಅಕ್ಟೋಬರಿನಲ್ಲಿ, ಈಜಿಪ್ಟಿನ ಅಲ್ ಅಲಮೇನ್ ಕದನಕ್ಕೆ ಮುನ್ನ, ಬ್ರಿಟಿಷ್ ಸೇನೆಯು ಉತ್ತರದಲ್ಲಿದ್ದ ನಿಜವಾದ ಟ್ಯಾಂಕುಗಳಿಗೆ ಲಾರಿಯ ಆಕಾರದ ಕ್ಯಾನ್ವಾಸ್ ಹೊದಿಕೆಯನ್ನು ತೊಡಿಸಿ, ದಕ್ಷಿಣದಲ್ಲಿ ಹುಸಿ ಟ್ಯಾಂಕುಗಳನ್ನೂ ಹುಸಿ ನೀರಿನ ಕೊಳವೆಯನ್ನೂ ಹರಡಿತು. ಖಾಲಿ ಪೆಟ್ರೋಲ್ ಡಬ್ಬಿಗಳಿಂದಾದ ಆ ಕೊಳವೆಯನ್ನು ರಾತ್ರಿಯಾಗುತ್ತಲೆ ಎತ್ತಿ, ತೋಡಿದ ಕಾಲುವೆಯನ್ನು ಮುಚ್ಚಿ, ಅವೇ ಡಬ್ಬಿಗಳನ್ನು ಮುಂದಿನ ಭಾಗದಲ್ಲಿ ಜೋಡಿಸುತ್ತಿದ್ದರು. ವಿಮಾನದಿಂದ ನೋಡುವ ವೈರಿಯು ಆ ಕೆಲಸದ ಮಂದಗತಿಯನ್ನು ಅಳೆದು, ದಾಳಿಗೆ ಇನ್ನೂ ಅವಧಿಯಿದೆಯೆಂದು ತಾನೇ ಗಣಿಸಿಕೊಳ್ಳಲೆಂಬುದೇ ಅದರ ಉದ್ದೇಶ. 1944ರಲ್ಲಿ ಸುಮಾರು 1,100 ಮಂದಿಯ ಅಮೆರಿಕನ್ ದಳವೊಂದು ಯೂರೋಪಿನಲ್ಲಿ ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳನ್ನು ನಿಲ್ಲಿಸಿದ್ದಲ್ಲದೆ, ಬುಲ್‌ಡೋಜರನ್ನು ಓಡಿಸಿ ನೆಲದ ಮೇಲೆ ಟ್ಯಾಂಕಿನ ಜಾಡನ್ನು ಮೂಡಿಸಿತು, ಧ್ವನಿವರ್ಧಕಗಳಿಂದ ಎಂಜಿನುಗಳ ಆರ್ಭಟವನ್ನು ಕೇಳಿಸಿತು. ಜಾಡಿಲ್ಲದ, ಸದ್ದಿಲ್ಲದ ಟ್ಯಾಂಕನ್ನು ಯಾವ ಬುದ್ಧಿವಂತ ವೈರಿಯೂ ನಂಬುವುದಿಲ್ಲವಷ್ಟೆ! ಈಗಿನ ಶಾಖಗ್ರಾಹಿ ಕ್ಯಾಮೆರಾಗಳ ಕಾಲದಲ್ಲಂತೂ ಹುಸಿ ಟ್ಯಾಂಕಿಗೂ ಎಂಜಿನಿನ ಬಿಸಿ ಇರಬೇಕಾಗುತ್ತದೆ.

ಇದೇ ಹುಸಿಯಾಟವನ್ನು ಆಡಿಸುವ ವೀಡಿಯೋ ಗೇಮುಗಳು ಮಕ್ಕಳಿಗೆ ಕಪಟವನ್ನು ಕಲಿಸುತ್ತವೆಂದು ಹಿರಿಯರು ಆಕ್ಷೇಪಿಸುವುದುಂಟು. ನನಗೆ ಆ ಆಕ್ಷೇಪವು ಸಮ್ಮತವಲ್ಲ. ಬಿಳಿಯ ಬಾವುಟವನ್ನು ತೋರಿಸಿ ಕೊಲ್ಲುವುದು ವಿಶ್ವಾಸಘಾತವೆಂದು ನಿಷೇಧಿಸಿರುವ 1977ರ ಜಿನೀವಾ ಪ್ರೋಟೋಕಾಲೇ ಇಂಥ ಹುಸಿ ಗುರಿಗಳನ್ನು ಯುದ್ಧತಂತ್ರವೆಂದು ಒಪ್ಪಿದೆ. ನನ್ನ ತಕರಾರು ಬೇರೆ: ಗೇಮಿನ ಕಪಟವು ತೀರ ಅಗ್ಗ. 2010ರ ‘ರೂಸ್’ ಎಂಬ ಆಟದಲ್ಲಿ ಒಂದು ಆಜ್ಞೆಯಿತ್ತರೆ ಹುಸಿ ದಂಡೇ ಹೊರಡುತ್ತದೆ. ‘ಸ್ಟಾರ್‌ಕ್ರಾಫ್ಟ್’ನಲ್ಲಿ ಮಾಯಾಸೈನಿಕರು ಕ್ಷಣದಲ್ಲಿ ಹುಟ್ಟಿ, ಹೊಡೆಯಲಾರದೆ, ವೇಳೆ ಮುಗಿಯುತ್ತಲೆ ಕರಗುತ್ತಾರೆ. ಕ್ಯಾನ್ವಾಸನ್ನು ಹೊಲಿದವನಾಗಲಿ ಡಬ್ಬಿಯನ್ನು ಹೊತ್ತವನಾಗಲಿ ಅಲ್ಲಿಲ್ಲ. ದೀಪಾವಳಿಗೆ ಬೆಳಗಾವಿ, ನಿಪ್ಪಾಣಿಗಳ ಹುಡುಗರು ಅಂಗಳದಲ್ಲಿ ಕಟ್ಟುವ ಮಣ್ಣಿನ ಕಿಲ್ಲೆಯು ಈ ವಿಷಯದಲ್ಲಿ ಮೇಲು. ಒಂದು ಬುರುಜು ನಿಲ್ಲಬೇಕಾದರೆ ಎಷ್ಟು ಬುಟ್ಟಿ ಮಣ್ಣು ಬೇಕೆಂಬುದು ಅವರ ಕೈಗಳಿಗೆ ಗೊತ್ತು.

ಆದುದರಿಂದ ಗೇಮುಗಳನ್ನು ರಚಿಸುವವರಲ್ಲಿ ಕೇಳಬಹುದಾದದ್ದು ನೀತಿಪಾಠವನ್ನಲ್ಲ, ಲೆಕ್ಕವನ್ನು. ಒಂದು ಹುಸಿ ಟ್ಯಾಂಕನ್ನು ನಿಲ್ಲಿಸಿ, ಅದಕ್ಕೆ ಜಾಡು ಬರೆದು, ರಾತ್ರಿಯೆಲ್ಲ ಕಾಯುವುದಕ್ಕೆ ನಿಜವಾದ ಸಾಲಿನಿಂದ ಎಷ್ಟು ಸಿಪಾಯಿಗಳನ್ನು ತೆಗೆಯಬೇಕು, ಗುಂಡು ಅಲ್ಲಿಯೇ ಬಂದು ಬಿದ್ದರೆ ಅವರಲ್ಲಿ ಎಷ್ಟು ಮಂದಿ ಮರಳುತ್ತಾರೆ ಎಂಬುದನ್ನು ಆಡುವವನ ಮುಂದಿಡಬೇಕು. ಹಾಗೆ ಮಾಡಿದರೆ ಆಟದ ವೇಗವು ಕುಂದೀತು; ಕುಂದಲಿ.